ಕಲ್ಲಿನ ಕಾನೂನು, ಒಡೆದ ಸಾಲಪತ್ರ

ಹಮ್ಮುರಬಿ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಶಾಲೆಯ ಚರಿತ್ರೆ ಪುಸ್ತಕದ ಒಂದು ಸಾಲು: ಜಗತ್ತಿಗೆ ಮೊದಲ ಲಿಖಿತ ಕಾನೂನು ಕೊಟ್ಟ ದೊರೆ, ಅವನ ನೀತಿ ಕಣ್ಣಿಗೆ ಕಣ್ಣು, ಹಲ್ಲಿಗೆ ಹಲ್ಲು. ಪರೀಕ್ಷೆಯಲ್ಲಿ ಎರಡು ಅಂಕ ಪಡೆಯಲು ಇಷ್ಟು ಸಾಕು. ಆದರೆ ಈ ಸಾಲಿನ ಮೊದಲ ಭಾಗ ನಿಜವಲ್ಲ, ಎರಡನೆಯ ಭಾಗ ಅರ್ಧ ನಿಜ ಮಾತ್ರ. ಹಮ್ಮುರಬಿಗಿಂತ ಸುಮಾರು ಮುನ್ನೂರು ವರ್ಷ ಮೊದಲೇ ಕಾನೂನು ಬರೆಸಿದ ದೊರೆಗಳಿದ್ದರು. ಇನ್ನು ಅವನ ಕಾನೂನಿನಲ್ಲಿ ಕಣ್ಣಿಗೆ ಕಣ್ಣು ಎಂಬುದು ಎಲ್ಲರ ಕಣ್ಣಿಗೂ ಅನ್ವಯಿಸುತ್ತಿರಲಿಲ್ಲ. ಅದು ಯಾರ ಕಣ್ಣು ಎಂಬುದನ್ನು ನೋಡಿ ಅದರ ಬೆಲೆ ಕಟ್ಟಲಾಗುತ್ತಿತ್ತು.

ಬಾಬಿಲ್ ಎಂಬ ಹೆಸರು ಮುಸ್ಲಿಂ ಮನೆಗಳಿಗೆ ಅಪರಿಚಿತವಲ್ಲ. ಹಾರೂತ್ ಮತ್ತು ಮಾರೂತರ ಪ್ರಸ್ತಾಪ ಬರುವಲ್ಲಿ ಕುರ್‌ಆನ್ ಆ ಊರನ್ನು ಹೆಸರಿಸುತ್ತದೆ. ನಮ್ರೂದನ ದರ್ಪದ ಕತೆಗಳನ್ನು ಹಿರಿಯರ ಬಾಯಿಂದ ಕೇಳಿಯೇ ನಾವು ಬೆಳೆದವರು. ಯಹೂದಿಯರಿಗೆ ಅದು ಸೆರೆಯ ನಾಡು. ಹೀಗೆ ಜನರ ನೆನಪಿನಲ್ಲಿ ಬ್ಯಾಬಿಲೋನ್ ಉಳಿದುಕೊಂಡದ್ದು ಮಾಟ, ಮದ ಮತ್ತು ಸೆರೆಯ ಊರಾಗಿ. ಅದೇ ಊರಿನಲ್ಲಿ ದೊರೆಯಾದವನು ಬಡವನಿಗೆ ಏನನ್ನು ಸಲ್ಲಿಸಬೇಕು ಎಂಬ ಪ್ರಶ್ನೆಯನ್ನೂ ಕೇಳಿಕೊಂಡಿದ್ದರು ಎಂಬುದು ಮಣ್ಣು ಅಗೆದ ಮೇಲಷ್ಟೇ ಹೊರಬಂದ ಸಂಗತಿ.

ಆ ಅಗೆತವೂ ಬ್ಯಾಬಿಲೋನಿನಲ್ಲಿ ನಡೆದದ್ದಲ್ಲ. 1901-02ರ ಚಳಿಗಾಲದಲ್ಲಿ ಇರಾನಿನ ಸೂಸಾ ಎಂಬಲ್ಲಿ ಜಾಕ್ ದ ಮೋರ್ಗನ್ ನೇತೃತ್ವದ ಫ್ರೆಂಚ್ ತಂಡಕ್ಕೆ ಮೂರು ತುಂಡುಗಳಾಗಿ ಬಿದ್ದಿದ್ದ ಒಂದು ಕರಿಗಲ್ಲು ಸಿಕ್ಕಿತು. ಜೋಡಿಸಿದಾಗ ಅದರ ಎತ್ತರ ಸುಮಾರು ಎರಡೂಕಾಲು ಮೀಟರ್. ಮೇಲ್ಭಾಗದಲ್ಲಿ ಒಂದು ಚಿತ್ರ: ನ್ಯಾಯದ ಅಧಿದೇವತೆಯಾದ ಸೂರ್ಯದೇವ ಶಮಾಶ್ ಕುಳಿತಿದ್ದಾನೆ, ಅವನೆದುರು ಹಮ್ಮುರಬಿ ಬಾಯಿಯ ಬಳಿ ಕೈಯೆತ್ತಿ ವಿನಯದಿಂದ ನಿಂತಿದ್ದಾನೆ. ದೇವರು ದೊರೆಗೆ ಕೋಲನ್ನೂ ಬಳೆಯನ್ನೂ ನೀಡುತ್ತಿದ್ದಾನೆ. ಅದರ ಕೆಳಗೆ ಕಲ್ಲಿನ ಸುತ್ತಲೂ ಬೆಣೆಯಾಕಾರದ ಲಿಪಿಯ ದಟ್ಟ ಬರಹ. ಪಾದ್ರಿಯೂ ವಿದ್ವಾಂಸನೂ ಆಗಿದ್ದ ಷೀಲ್ ಎಂಬಾತ 1902ರಲ್ಲೇ ಅದನ್ನು ಓದಿ ಪ್ರಕಟಿಸಿದ. 282 ಕಲಮುಗಳೆಂದು ವಿಂಗಡಿಸಿದವನೂ ಅವನೇ. ಮೂಲ ಬರಹದಲ್ಲಿ ಅಂಕಿಸಂಖ್ಯೆಗಳಿಲ್ಲ. ಕಲ್ಲು ಈಗ ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿದೆ.

ಇರಾಕಿನ ಕಲ್ಲು ಇರಾನಿಗೆ ಹೋದದ್ದು ಹೇಗೆ? ಕ್ರಿ.ಪೂ. 12ನೇ ಶತಮಾನದಲ್ಲಿ ಎಲಾಮಿನ ದೊರೆ ಶುತ್ರುಕ್ ನಹ್ಹುಂತೆ ಬ್ಯಾಬಿಲೋನಿಯದ ಮೇಲೆ ದಂಡೆತ್ತಿ ಬಂದು ಲೂಟಿಯ ಜೊತೆ ಅದನ್ನೂ ಹೊತ್ತೊಯ್ದ. ಕಲ್ಲಿನ ಕೆಳಭಾಗದ ಕೆಲವು ಪಟ್ಟಿಗಳನ್ನು ಉಜ್ಜಿ ಅಳಿಸಲಾಗಿದೆ. ಗೆದ್ದವನು ಅಲ್ಲಿ ತನ್ನ ಹೆಸರು ಕೆತ್ತಿಸಲು ಜಾಗ ಮಾಡಿಕೊಂಡಿರಬೇಕು. ಆದರೆ ಆ ಜಾಗ ಖಾಲಿಯೇ ಉಳಿದಿದೆ. ಶಾಸನಗಳ ಪರಿಚಯವಿದ್ದವರಿಗೆ ಶಾಪಾಶಯ ಹೊಸದಲ್ಲ. ಹಮ್ಮುರಬಿಯೂ ಬರಹದ ಕೊನೆಯಲ್ಲಿ, ತನ್ನ ಮಾತನ್ನು ಅಳಿಸುವ ದೊರೆಗೆ ದೇವತೆಗಳನ್ನು ಒಬ್ಬೊಬ್ಬರನ್ನಾಗಿ ಕರೆದು ಉದ್ದನೆಯ ಶಾಪ ಹಾಕಿದ್ದಾನೆ. ಶಾಪಕ್ಕೆ ಎಲಾಮಿನವರೇನೂ ಹೆದರಿದಂತಿಲ್ಲ.

ಹಮ್ಮುರಬಿಯ ಹಿಂದಿನವರ ಮಾತನ್ನು ಮೊದಲು ನೋಡೋಣ. ಕ್ರಿ.ಪೂ. 2350ರ ಸುಮಾರಿಗೆ ಲಗಾಶ್ ಎಂಬ ಪಟ್ಟಣವನ್ನು ಆಳುತ್ತಿದ್ದ ಉರುಕಗಿನ, ಅಧಿಕಾರಿಗಳು ಬಡವರಿಂದ ಕೀಳುತ್ತಿದ್ದುದನ್ನೆಲ್ಲ ಪಟ್ಟಿ ಮಾಡಿ ನಿಲ್ಲಿಸಿದ. ಹೆಣ ಹೂಳುವುದಕ್ಕೂ ಇಷ್ಟು ರೊಟ್ಟಿ, ಇಷ್ಟು ಬಿಯರು ಎಂದು ವಸೂಲಿ ನಡೆಯುತ್ತಿತ್ತು. ವಿಧವೆಯನ್ನೂ ತಬ್ಬಲಿಯನ್ನೂ ಬಲ್ಲಿದನ ಕೈಗೆ ಒಪ್ಪಿಸುವುದಿಲ್ಲವೆಂದು ಅವನು ತನ್ನ ದೇವರಿಗೆ ಮಾತುಕೊಟ್ಟ. ಕ್ರಿ.ಪೂ. 2100ರ ಸುಮಾರಿನ ಉರ್ ಪಟ್ಟಣದ ಉರ್‌ನಮ್ಮುವಿನ ಹೆಸರಿನಲ್ಲಿರುವುದು ಈವರೆಗೆ ಸಿಕ್ಕಿರುವ ಅತ್ಯಂತ ಹಳೆಯ ಕಾನೂನು ಸಂಗ್ರಹ. ಅದರ ಒಡೆದ ಫಲಕವೊಂದನ್ನು ಇಸ್ತಾಂಬುಲಿನ ವಸ್ತುಸಂಗ್ರಹಾಲಯದಲ್ಲಿ ಗುರುತಿಸಿದವನು ಸ್ಯಾಮ್ಯುಯೆಲ್ ಕ್ರೇಮರ್, 1952ರಲ್ಲಿ. ಆಮೇಲೆ ಇಸಿನ್ ಪಟ್ಟಣದ ಲಿಪಿತ್ ಇಷ್ತಾರ್. ಎಷ್ನುನ್ನ ರಾಜ್ಯದ ಕಾನೂನುಗಳು ಬಾಗ್ದಾದಿನ ಅಂಚಿನ ತೆಲ್ ಹರ್ಮಲ್ ದಿಬ್ಬದಲ್ಲಿ ಸಿಕ್ಕಿದವು. ಅಲ್ಲಿ ಅಗೆದವರು ಇರಾಕಿನವರೇ ಆದ ತಾಹಾ ಬಾಕಿರ್ ಮತ್ತು ಅವರ ಸಂಗಡಿಗರು.

ಇವುಗಳಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಉರ್‌ನಮ್ಮುವಿನ ಕಾನೂನಿನಲ್ಲಿ ಒಬ್ಬನ ಮೂಳೆ ಮುರಿದರೆ, ಮೂಗು ಕತ್ತರಿಸಿದರೆ ತೆರಬೇಕಾದದ್ದು ಬೆಳ್ಳಿಯ ದಂಡ. ಎಷ್ನುನ್ನದಲ್ಲೂ ಕಣ್ಣು ಕಳೆದರೆ ಒಂದು ಮಿನಾ, ಅಂದರೆ ಸುಮಾರು ಅರ್ಧ ಕಿಲೋ ಬೆಳ್ಳಿ. ಕಣ್ಣಿಗೆ ಕಣ್ಣು ಬಂದದ್ದು ಹಮ್ಮುರಬಿಯಲ್ಲಿ. ಮನುಷ್ಯರು ಮೊದಲು ಸೇಡಿನ ಜೀವಿಗಳಾಗಿದ್ದರು, ಬರಬರುತ್ತ ದಂಡಕ್ಕೆ ಒಪ್ಪಿಕೊಂಡರು ಎಂದು ನಾವು ಸುಲಭವಾಗಿ ಊಹಿಸಿಕೊಳ್ಳುತ್ತೇವೆ. ಬರೆದಿಟ್ಟ ದಾಖಲೆ ಹಾಗೆ ಹೇಳುವುದಿಲ್ಲ. ಚರಿತ್ರೆ ಏಣಿಯ ಮೆಟ್ಟಿಲುಗಳಂತೆ ಮೇಲಕ್ಕೇ ಹೋಗುತ್ತದೆಂದು ನಂಬಿದವರಿಗೆ ಇದು ಒಂದು ಪಾಠ.

ಹಮ್ಮುರಬಿ ಕ್ರಿ.ಪೂ. 1792ರಲ್ಲಿ ಪಟ್ಟಕ್ಕೆ ಬಂದಾಗ ಬ್ಯಾಬಿಲೋನ್ ಹಲವು ರಾಜ್ಯಗಳ ನಡುವಣ ಒಂದು ಸಣ್ಣ ರಾಜ್ಯ. ಅವನು ಅಮೋರೈಟ್ ಮೂಲದ ರಾಜವಂಶದ ಆರನೆಯ ದೊರೆ. ದಕ್ಷಿಣದ ಲಾರ್ಸಾವನ್ನು ಅವನು ಗೆದ್ದದ್ದು ಕ್ರಿ.ಪೂ. 1763ರಲ್ಲಿ, ಬಳಿಕ ಫುರಾತ್ ನದಿಯ ಮೇಲ್ದಂಡೆಯ ಮಾರಿ ನಗರವೂ ಬಿತ್ತು. ಕಾನೂನಿನ ಕಲ್ಲು ನಿಂತದ್ದು ಈ ಗೆಲುವುಗಳ ನಂತರ, ಆಳ್ವಿಕೆಯ ಕೊನೆಯ ವರ್ಷಗಳಲ್ಲಿ. ಗೆದ್ದ ಊರುಗಳ ಪಟ್ಟಿ ಅದರ ಪೀಠಿಕೆಯಲ್ಲೇ ಇದೆ. ಬಲಶಾಲಿ ಬಲಹೀನನನ್ನು ತುಳಿಯದಿರಲೆಂದು ದೇವತೆಗಳು ತನ್ನನ್ನು ಆರಿಸಿದರು, ತಾನು ಜನರನ್ನು ಕಾಯುವ ಕುರುಬ ಎಂದು ಅವನು ಹೇಳಿಕೊಳ್ಳುತ್ತಾನೆ. ಕತ್ತಿಯಿಂದ ಒಂದಾದ ನಾಡಿಗೆ, ನನ್ನ ಆಳ್ವಿಕೆ ಬರಿಯ ಕತ್ತಿಯಲ್ಲ ಎಂದು ಹೇಳುವ ಅಗತ್ಯ ಆ ದೊರೆಗೆ ಬಿದ್ದಿತ್ತು. ಗೆದ್ದವನು ನ್ಯಾಯದ ಮಾತಾಡುವುದು ಆಗಲೂ ಇತ್ತು.

ಈಗ ಕಲಮುಗಳಿಗೆ ಬರೋಣ. ಅಲ್ಲಿ ಮನುಷ್ಯರು ಮೂರು ಬಗೆ. ಅವೀಲುಂ ಎಂದರೆ ಸ್ಥಾನಮಾನವುಳ್ಳ ಸ್ವತಂತ್ರ ಮನುಷ್ಯ. ಮುಷ್ಕೇನುಂ ಎಂದರೆ ಅವನಿಗಿಂತ ಕೆಳಗಿನ ಸಾಮಾನ್ಯ. ಕೊನೆಗೆ ಗುಲಾಮ. ಅವೀಲುಮಿನ ಕಣ್ಣು ಕಿತ್ತ ಅವೀಲುಮಿನ ಕಣ್ಣನ್ನೇ ಕೀಳಬೇಕು. ಮುಷ್ಕೇನುಮಿನ ಕಣ್ಣಾದರೆ ಒಂದು ಮಿನಾ ಬೆಳ್ಳಿ ಕೊಟ್ಟರಾಯಿತು. ಗುಲಾಮನ ಕಣ್ಣಾದರೆ ಅವನ ಅರ್ಧ ಬೆಲೆ. ವೈದ್ಯ ಕಂಚಿನ ಚೂರಿಯಿಂದ ಶಸ್ತ್ರಚಿಕಿತ್ಸೆ ಮಾಡಿ ಗುಣಪಡಿಸಿದರೆ ಅವೀಲುಂ 10 ಶೆಕೆಲ್ ಬೆಳ್ಳಿ ಕೊಡಬೇಕು, ಮುಷ್ಕೇನುಂ 5, ಗುಲಾಮನಿಗಾಗಿ ಒಡೆಯ 2. ಕೂಲಿಯಾಳಿನ ದಿನಗೂಲಿಯನ್ನೂ ಇದೇ ಕಾನೂನು ನಿಗದಿ ಮಾಡಿದೆ. ಆ ಲೆಕ್ಕದಲ್ಲಿ 10 ಶೆಕೆಲ್ ಎಂದರೆ ಅವನ ಮುನ್ನೂರು ದಿನಗಳ ದುಡಿಮೆ. ಮುಷ್ಕೇನುಮಿನ ಕಣ್ಣಿನ ಬೆಲೆ ಸುಮಾರು ಐದು ವರ್ಷಗಳ ಕೂಲಿ. ಅವೀಲುಂ ವೈದ್ಯನ ಚೂರಿಯಿಂದ ಸತ್ತರೆ ವೈದ್ಯನ ಕೈ ಕತ್ತರಿಸಬೇಕು. ಕಟ್ಟಿದ ಮನೆ ಕುಸಿದು ಯಜಮಾನ ಸತ್ತರೆ ಕಟ್ಟಿದವನಿಗೆ ಮರಣ, ಯಜಮಾನನ ಮಗ ಸತ್ತರೆ ಕಟ್ಟಿದವನ ಮಗನಿಗೆ ಮರಣ. ಏನೂ ತಪ್ಪು ಮಾಡದ ಆ ಹುಡುಗ ಅಪ್ಪನ ಲೆಕ್ಕದಲ್ಲಿ ಒಂದು ಬಾಬತ್ತು ಅಷ್ಟೆ.

ಕಪಾಳಕ್ಕೆ ಹೊಡೆಯುವುದಕ್ಕೂ ದರವಿದೆ. ಅವೀಲುಂ ತನ್ನ ಸಮಾನನಿಗೆ ಹೊಡೆದರೆ ಒಂದು ಮಿನಾ. ತನಗಿಂತ ದೊಡ್ಡವನಿಗೆ ಹೊಡೆದರೆ ಸಭೆಯ ಮುಂದೆ ಅರುವತ್ತು ಚಾವಟಿಯೇಟು. ಮುಷ್ಕೇನುಂ ಮುಷ್ಕೇನುಮಿಗೆ ಹೊಡೆದರೆ 10 ಶೆಕೆಲ್. ಗುಲಾಮ ಅವೀಲುಮಿಗೆ ಹೊಡೆದರೆ ಕಿವಿ ಕತ್ತರಿಸಬೇಕು.

ಮುಷ್ಕೇನುಂ ಎಂಬ ಈ ಮಾತು ನಮಗೆ ದೂರದ್ದಲ್ಲ. ಅಕ್ಕೇಡಿಯನ್ ಭಾಷೆಯಲ್ಲಿ ಅದರ ಮೂಲಾರ್ಥ ಬಾಗಿ ಅಡ್ಡಬೀಳುವವನು. ಅಲ್ಲಿಂದ ಅದು ಅರಾಮಿಕ್ ಭಾಷೆಗೆ ಬಂತು, ಅರಾಮಿಕ್‌ನಿಂದ ಅರಬಿಗೆ, ಅರಬಿಯಿಂದ ಪಾರಸಿಗೆ, ಉರ್ದುವಿಗೆ. ನಮ್ಮ ಮನೆಗಳಲ್ಲಿ ಈಗಲೂ ಬಾಯಿ ಸತ್ತ ಬಡಪಾಯಿಯನ್ನು ಕಂಡರೆ ಮಿಸ್ಕೀನ್ ಎನ್ನುತ್ತೇವಲ್ಲ, ಅದೇ ಮಾತು. ಜಕಾತಿನ ಹಣ ಯಾರಿಗೆ ಸಲ್ಲಬೇಕೆಂದು ಕುರ್‌ಆನ್ ಹೆಸರಿಸುವಲ್ಲಿ ಫಕೀರರ ಜೊತೆಗೇ ನಿಂತಿರುವವರು ಈ ಮಿಸ್ಕೀನರು. ಕಣ್ಣಿಗೆ ಕಣ್ಣು ಎಂಬ ವಿಧಿಯೂ ಹೀಗೆಯೇ ದೀರ್ಘ ದಾರಿ ನಡೆದಿದೆ. ತೌರಾತಿನಲ್ಲಿ ಅದಿತ್ತೆಂದು ಕುರ್‌ಆನ್ ನೆನಪಿಸುತ್ತದೆ, ಬಿಟ್ಟುಕೊಟ್ಟವನಿಗೆ ಅದು ಪ್ರಾಯಶ್ಚಿತ್ತವಾಗುತ್ತದೆ ಎಂಬ ಮಾತನ್ನೂ ಸೇರಿಸುತ್ತದೆ. ಒಂದು ಕಾಲದಲ್ಲಿ ಕಣ್ಣಿನ ದರಪಟ್ಟಿಯಲ್ಲಿ ಎರಡನೆಯ ದರ್ಜೆಯವನಿಗಿದ್ದ ಹೆಸರು, ಇನ್ನೊಂದು ಕಾಲದಲ್ಲಿ ಸಮಾಜದ ಸಂಪತ್ತಿನಲ್ಲಿ ಹಕ್ಕುಳ್ಳವನ ಹೆಸರಾಯಿತು. ಮಾತು ಬದಲಾಗಲಿಲ್ಲ, ಅದಕ್ಕೆ ಸಲ್ಲುವ ಗೌರವ ಬದಲಾಯಿತು.

ಹಾಗೆಂದು ಹಮ್ಮುರಬಿಯ ಕಲ್ಲಿನಲ್ಲಿ ಕರುಣೆಯೇ ಇಲ್ಲವೆಂದರೆ ಅನ್ಯಾಯವಾದೀತು. ಹೆಂಡತಿ ತೀರದ ಕಾಯಿಲೆಗೆ ಬಿದ್ದರೆ ಗಂಡ ಇನ್ನೊಬ್ಬಳನ್ನು ಮದುವೆಯಾಗಬಹುದು, ಆದರೆ ಮೊದಲನೆಯವಳನ್ನು ಬಿಡುವಂತಿಲ್ಲ. ಅವಳು ಬದುಕಿರುವಷ್ಟು ದಿನ ತಾನು ಕಟ್ಟಿದ ಮನೆಯಲ್ಲೇ ಇಟ್ಟುಕೊಂಡು ಸಾಕಬೇಕು. ತೀರ್ಪು ಕೊಟ್ಟ ಮೇಲೆ ಅದನ್ನು ತಿರುಚಿದ ನ್ಯಾಯಾಧೀಶ ಹನ್ನೆರಡು ಪಟ್ಟು ದಂಡ ತೆತ್ತು ಪೀಠದಿಂದ ಇಳಿಯಬೇಕು, ಮತ್ತೆ ಅಲ್ಲಿ ಕೂರುವಂತಿಲ್ಲ. ದರೋಡೆಕೋರ ಸಿಗದಿದ್ದರೆ ಕಳೆದುಕೊಂಡವನಿಗೆ ಆ ಊರು ಮತ್ತು ಅಧಿಕಾರಿಯೇ ನಷ್ಟ ತುಂಬಿಕೊಡಬೇಕು. ನೆರೆಯೋ ಬರವೋ ಬಂದು ಬೆಳೆ ಹಾಳಾದ ವರ್ಷ ಸಾಲಗಾರ ಧಾನ್ಯ ಹಿಂದಿರುಗಿಸಬೇಕಿಲ್ಲ, ಆ ವರ್ಷದ ಬಡ್ಡಿಯೂ ಇಲ್ಲ. ಮಣ್ಣಿನ ಸಾಲಪತ್ರವನ್ನು ನೀರಿನಲ್ಲಿ ನೆನೆಸಿ ತಿದ್ದಿಕೊಳ್ಳಬಹುದು. ಸಾಲಕ್ಕಾಗಿ ಹೆಂಡತಿ ಮಕ್ಕಳನ್ನು ಜೀತಕ್ಕಿಟ್ಟರೆ ಅವರು ದುಡಿಯಬೇಕಾದದ್ದು ಮೂರು ವರ್ಷ, ನಾಲ್ಕನೆಯ ವರ್ಷ ಬಿಡುಗಡೆ.

ಆದರೆ ಇದೆಲ್ಲ ನಡೆಯುತ್ತಿತ್ತೇ? ಆ ಕಾಲದ ವ್ಯಾಜ್ಯ, ಕ್ರಯ, ಸಾಲಗಳ ಮಣ್ಣಿನ ಫಲಕಗಳು ಸಾವಿರಾರು ಸಿಕ್ಕಿವೆ. ನ್ಯಾಯಾಧೀಶರು ಕಲ್ಲಿನ ಇಂಥ ಕಲಮಿನ ಪ್ರಕಾರ ಎಂದು ತೀರ್ಪು ಬರೆಯುವ ವಾಡಿಕೆ ಅವುಗಳಲ್ಲಿ ಕಾಣುವುದಿಲ್ಲ. ಹೀಗಾಗಿ ಇದು ನಾವು ಇಂದು ತಿಳಿಯುವ ಅರ್ಥದ ಕಾಯಿದೆ ಪುಸ್ತಕವಲ್ಲ, ದೊರೆಯ ತೀರ್ಪುಗಳ ಮಾದರಿಗಳನ್ನು ಜೋಡಿಸಿದ ಒಂದು ಶಾಸ್ತ್ರಗ್ರಂಥ ಎಂದು 1960ರಲ್ಲಿ ಕ್ರೌಸ್ ಎಂಬ ವಿದ್ವಾಂಸ ವಾದಿಸಿದ. ಲಿಪಿಕಾರರ ಶಾಲೆಗಳಲ್ಲಿ ಇದನ್ನು ಸಾವಿರ ವರ್ಷಕ್ಕೂ ಮಿಕ್ಕಿ ನಕಲು ಮಾಡಿಸುತ್ತಿದ್ದರು. ಕ್ರಿ.ಪೂ. 7ನೇ ಶತಮಾನದ ಅಸ್ಸೀರಿಯದ ದೊರೆ ಅಶ್ಶುರ್‌ಬನಿಪಾಲನ ಗ್ರಂಥಭಂಡಾರದಲ್ಲೂ ಪ್ರತಿಗಳಿದ್ದವು.

ಹಮ್ಮುರಬಿ ದಿನನಿತ್ಯ ಹೇಗೆ ಆಳಿದ ಎಂಬುದು ಅವನ ಓಲೆಗಳಲ್ಲಿ ಕಾಣುತ್ತದೆ. ಗೆದ್ದ ಲಾರ್ಸಾದಲ್ಲಿದ್ದ ತನ್ನ ಅಧಿಕಾರಿಗಳಾದ ಶಮಾಶ್ ಹಾಜಿರ್ ಮತ್ತು ಸಿನ್ ಇದ್ದಿನಂಗೆ ಅವನು ಬರೆಸಿದ ಓಲೆಗಳು ಹಲವಾರು ಉಳಿದಿವೆ. ಇಂಥವನ ಹೊಲ ಕಸಿದುಕೊಂಡಿದ್ದಾರೆಂದು ನನಗೆ ಫಿರ್ಯಾದು ಬಂದಿದೆ, ದಾಖಲೆ ನೋಡು, ಅವನದೇ ಆಗಿದ್ದರೆ ಹಿಂದಿರುಗಿಸು ಎಂಬ ಧಾಟಿಯವು ಅವು. ಸಾಮ್ರಾಜ್ಯದ ಒಡೆಯ ಒಂದು ತುಂಡು ಹೊಲದ ಜಗಳಕ್ಕೆ ಕಿವಿಗೊಟ್ಟಿದ್ದಾನೆ. ಇನ್ನೊಂದು ಓಲೆ ಓದಿದರೆ ನಗು ಬರುತ್ತದೆ. ಚಾಂದ್ರಮಾನ ಪಂಚಾಂಗವನ್ನು ಋತುಗಳಿಗೆ ಹೊಂದಿಸಲು ಆ ವರ್ಷ ಒಂದು ಅಧಿಕ ಮಾಸ ಸೇರಿಸಬೇಕಾಯಿತು. ಸೇರಿಸಿಕೊಳ್ಳಿ ಎಂದ ದೊರೆ, ಆದರೆ ತೆರಿಗೆ ಮಾತ್ರ ಒಂದು ತಿಂಗಳು ಮುಂದೆ ಹೋಗಬಾರದು, ಅಧಿಕ ಮಾಸದ 25ಕ್ಕೇ ಬ್ಯಾಬಿಲೋನಿಗೆ ತಲುಪಬೇಕು ಎಂದೂ ಬರೆಸಿದ. ಕುರುಬನಿಗೆ ಕುರಿಯ ಮೇಲೆ ಎಷ್ಟು ಅಕ್ಕರೆಯೋ ಉಣ್ಣೆಯ ಮೇಲೂ ಅಷ್ಟೇ ಕಣ್ಣು.

ಜನಸಾಮಾನ್ಯರ ನಿಜವಾದ ಸಂಕಟವಿದ್ದದ್ದು ಸಾಲದಲ್ಲಿ. ಧಾನ್ಯದ ಸಾಲಕ್ಕೆ ಬಡ್ಡಿ ಮೂರರಲ್ಲೊಂದು ಪಾಲು, ಬೆಳ್ಳಿಯ ಸಾಲಕ್ಕೆ ಐದರಲ್ಲೊಂದು. ಬಿತ್ತನೆಗೆ, ತೆರಿಗೆಗೆ, ಹೊಟ್ಟೆಗೆ ಸಾಲ ಮಾಡಿದ ರೈತ ಸುಗ್ಗಿಯಲ್ಲಿ ತೀರಿಸಲಾಗದಿದ್ದರೆ ಮೊದಲು ಹೊಲ ಹೋಗುತ್ತಿತ್ತು, ಆಮೇಲೆ ಮಗಳು, ಹೆಂಡತಿ, ಕೊನೆಗೆ ತಾನೇ. ಇದಕ್ಕೆ ಆ ನಾಡಿನ ದೊರೆಗಳು ಕಂಡುಕೊಂಡ ಮದ್ದು ಕಲ್ಲಿನ ಮೇಲೆ ಇರಲಿಲ್ಲ. ಅದಕ್ಕೆ ಮೀಶಾರುಂ ಎಂದು ಹೆಸರು. ಸೊಟ್ಟಗಾದದ್ದನ್ನು ನೆಟ್ಟಗೆ ಮಾಡುವುದು ಎಂದರ್ಥ. ದೊರೆ ಒಂದು ಫರ್ಮಾನು ಹೊರಡಿಸುತ್ತಿದ್ದ, ಬಡವರ ಸಾಲ ರದ್ದಾಗುತ್ತಿತ್ತು.

ಇದರ ಬೇರು ಬಹಳ ಹಳೆಯದು. ಕ್ರಿ.ಪೂ. 2400ರ ಸುಮಾರಿನಲ್ಲಿ ಲಗಾಶಿನ ದೊರೆ ಎನ್ಮೆತೆನ ಸಾಲದ ಬಂಧನ ಬಿಡಿಸಿ, ಮಕ್ಕಳನ್ನು ತಾಯಂದಿರಿಗೂ ತಾಯಂದಿರನ್ನು ಮಕ್ಕಳಿಗೂ ಮರಳಿಸಿದೆನೆಂದು ಬರೆಸಿದ್ದಾನೆ. ಸುಮೇರಿಯನ್ ಭಾಷೆಯಲ್ಲಿ ಬಿಡುಗಡೆಗಿರುವ ಮಾತು ಅಮರ್ಗಿ. ಅದರ ಅಕ್ಷರಾರ್ಥ ತಾಯಿಯ ಬಳಿಗೆ ಮರಳುವುದು. ಸ್ವಾತಂತ್ರ್ಯಕ್ಕೆ ಇದಕ್ಕಿಂತ ಸರಳವಾದ ವ್ಯಾಖ್ಯೆಯನ್ನು ನಾವು ಬೇರೆಲ್ಲೂ ಕಂಡಿಲ್ಲ. ಜೀತಕ್ಕಿಟ್ಟ ಹುಡುಗ ಸಂಜೆ ಮನೆಗೆ ಬಂದು ಅಮ್ಮನ ಮುಂದೆ ಕುಳಿತು ಉಣ್ಣುವುದು.

ಹಮ್ಮುರಬಿಯ ಆಳ್ವಿಕೆಯ ಎರಡನೆಯ ವರ್ಷಕ್ಕೆ, ದೊರೆ ನಾಡಿನಲ್ಲಿ ನ್ಯಾಯವನ್ನು ನೆಲೆಗೊಳಿಸಿದ ವರ್ಷ ಎಂದೇ ಹೆಸರು. ಕಾನೂನಿನ ಕಲ್ಲು ನಿಂತದ್ದು ಅದಾಗಿ ಮೂರೂವರೆ ದಶಕಗಳ ಮೇಲೆ. ಅವನ ಮಗ ಸಂಸುಇಲುನ ಬರೆಸಿದ ಒಂದು ಓಲೆ ಉಳಿದಿದೆ: ತಂದೆ ಕಾಯಿಲೆ ಬಿದ್ದಿದ್ದಾನೆ, ನಾಡನ್ನು ಸರಿಯಾಗಿ ನಡೆಸಲು ತಾನೀಗ ಗದ್ದುಗೆಯಲ್ಲಿ ಕುಳಿತಿದ್ದೇನೆ, ಬಾಕಿಗಳನ್ನು ಮನ್ನಾ ಮಾಡಿ ಸಾಲಪತ್ರಗಳನ್ನು ಒಡೆಸಿದ್ದೇನೆ ಎಂದು ಅವನು ತಿಳಿಸುತ್ತಾನೆ. ಅಧಿಕಾರಕ್ಕೆ ಬಂದವನ ಮೊದಲ ಕೆಲಸಗಳಲ್ಲಿ ಅದೊಂದಾಗಿತ್ತು.

ಇಂಥ ಫರ್ಮಾನುಗಳಲ್ಲಿ ಹೆಚ್ಚು ಪೂರ್ಣವಾಗಿ ದೊರೆತಿರುವುದು ಹಮ್ಮುರಬಿಯ ನಾಲ್ಕನೆಯ ತಲೆಮಾರಿನ ಅಮ್ಮಿಸದುಕನದು. ಅವನು ಪಟ್ಟಕ್ಕೆ ಬಂದದ್ದು ಕ್ರಿ.ಪೂ. 1646ರಲ್ಲಿ. ಆ ಫರ್ಮಾನನ್ನು ಕ್ರೌಸ್ 1958ರಲ್ಲಿ ಪ್ರಕಟಿಸಿದ. ಹೊಟ್ಟೆಪಾಡಿಗೆ ಮಾಡಿದ ಧಾನ್ಯದ ಸಾಲ, ಬೆಳ್ಳಿಯ ಸಾಲ ಎರಡೂ ರದ್ದು. ಕಡವಾಗಿ ಬಿಯರು ಕೊಟ್ಟ ಪಡಖಾನೆಯ ಹೆಂಗಸು ಬಾಕಿ ಕೇಳುವಂತಿಲ್ಲ. ಸಾಲಕ್ಕಾಗಿ ಜೀತಕ್ಕೆ ಹೋದ ಹೆಂಡತಿ ಮಕ್ಕಳು ಬಿಡುಗಡೆ. ಲೇವಾದೇವಿಗಾರರು ಚಾಲಾಕಿಗಳಲ್ಲವೇ, ಮನ್ನಾ ಬರಬಹುದೆಂದು ಊಹಿಸಿ ಸಾಲವನ್ನು ಕ್ರಯವೆಂದೋ ವ್ಯಾಪಾರದ ಹಣವೆಂದೋ ಬರೆಸಿಕೊಳ್ಳುತ್ತಿದ್ದರು. ಫರ್ಮಾನು ಅದನ್ನೂ ಬಲ್ಲದು. ಸಾಕ್ಷಿಗಳು ಬಂದು ನಿಜ ಹೇಳಿದರೆ ಆ ಪತ್ರವನ್ನೂ ಒಡೆಯಬೇಕು. ಬಲವಂತವಾಗಿ ವಸೂಲಿ ಮಾಡಿ ಹಿಂದಿರುಗಿಸದವನಿಗೆ ಮರಣದಂಡನೆ.

ಇದು ಬರಿಯ ದಯೆ ಎಂದು ನಾವು ನಂಬಬೇಕಿಲ್ಲ. ಹೊಲ ಕಳೆದುಕೊಂಡ ರೈತ ತೆರಿಗೆ ಕೊಡಲಾರ, ಸಾಹುಕಾರನ ಜೀತದಾಳು ದೊರೆಯ ದಂಡಿಗೆ ಬರಲಾರ. ಪ್ರಜೆಯನ್ನು ಸಾಹುಕಾರ ನುಂಗಿದರೆ ದೊರೆಗೆ ಉಳಿಯುವುದೇನು? ಅಲ್ಲದೆ ಈ ಬಿಡುಗಡೆಗೂ ಗಡಿಯಿತ್ತು. ವ್ಯಾಪಾರದ ಸಾಲಗಳಿಗೆ ಮನ್ನಾ ಇಲ್ಲ. ಗುಲಾಮರಾಗಿಯೇ ಹುಟ್ಟಿದವರಿಗೆ ಬಿಡುಗಡೆ ಇಲ್ಲವೆಂದು ಫರ್ಮಾನು ಸ್ಪಷ್ಟವಾಗಿ ಹೇಳುತ್ತದೆ. ಅವರಿಗೆ ಮರಳಲು ತಾಯಿಯ ಮನೆ ಎಂಬುದೇ ಇರಲಿಲ್ಲ. ಜೊತೆಗೆ ಅದು ದೊರೆಯ ಮರ್ಜಿಯ ಮೇಲೆ ನಿಂತಿತ್ತು. ಬಡ್ಡಿ ಹಾಗೆಯೇ ಇತ್ತು, ಹೊಲದ ಹಂಚಿಕೆ ಹಾಗೆಯೇ ಇತ್ತು, ಆದ್ದರಿಂದ ಮತ್ತೆ ಮತ್ತೆ ಸಾಲ, ಮತ್ತೆ ಮತ್ತೆ ಫರ್ಮಾನು. ಕ್ರಿ.ಪೂ. 1595ರಲ್ಲಿ ಹಿಟೈಟರು ಬಂದು ಬ್ಯಾಬಿಲೋನನ್ನು ಕೊಳ್ಳೆ ಹೊಡೆದಾಗ ಆ ವಂಶವೇ ಮುಗಿಯಿತು.

ದೊರೆಯಾದವನು ಉತ್ತರ ಕೊಡಬೇಕಾದವನು ಎಂಬ ನಂಬಿಕೆ ಮಾತ್ರ ಆ ಮಣ್ಣಿನಲ್ಲಿ ಉಳಿಯಿತು. ಬ್ಯಾಬಿಲೋನಿನ ಹೊಸ ವರ್ಷದ ಅಕಿತು ಹಬ್ಬದ ವಿಧಿಗಳನ್ನು ಹೇಳುವ ಫಲಕಗಳಿವೆ, ಗ್ರೀಕ್ ದೊರೆಗಳ ಕಾಲಕ್ಕೆ ಸೇರಿದವು. ಅದರಂತೆ ಹಬ್ಬದ ಒಂದು ದಿನ ಪೂಜಾರಿ ದೊರೆಯ ಕಿರೀಟ, ರಾಜದಂಡಗಳನ್ನು ತೆಗೆದಿಟ್ಟು ಅವನ ಕೆನ್ನೆಗೆ ಹೊಡೆಯುತ್ತಾನೆ, ಕಿವಿ ಹಿಡಿದು ದೇವರ ಮುಂದೆ ಬಾಗಿಸುತ್ತಾನೆ. ಬ್ಯಾಬಿಲೋನಿಗೆ ಕೇಡು ಬಗೆದಿಲ್ಲ, ಮಾನ್ಯ ನಾಗರಿಕರ ಕೆನ್ನೆಗೆ ಹೊಡೆದಿಲ್ಲ ಎಂದು ದೊರೆ ಪ್ರಮಾಣ ಮಾಡಬೇಕು. ಲಾಂಛನಗಳನ್ನು ಮರಳಿ ಕೊಟ್ಟು ಪೂಜಾರಿ ಇನ್ನೊಮ್ಮೆ ಹೊಡೆಯುತ್ತಾನೆ. ದೊರೆಯ ಕಣ್ಣಲ್ಲಿ ನೀರು ಬಂದರೆ ದೇವರು ಒಲಿದಂತೆ. ಹಮ್ಮುರಬಿಯ ಕಲ್ಲಿನಲ್ಲಿ ಒಬ್ಬೊಬ್ಬರ ಕೆನ್ನೆಗೆ ಒಂದೊಂದು ದರವಿತ್ತು. ಅದೇ ಊರಿನಲ್ಲಿ ದೊರೆಯ ಕೆನ್ನೆಗೂ ವರ್ಷಕ್ಕೊಮ್ಮೆ ಪೆಟ್ಟು ಬೀಳಬೇಕೆಂದು ಬರೆದರು. ಆದರೆ ಆ ಪ್ರಮಾಣವೂ ವಿಶೇಷ ಹಕ್ಕುಗಳಿದ್ದ ನಾಗರಿಕರ ಕೆನ್ನೆಯ ಬಗ್ಗೆ ಮಾತ್ರ. ಮಿಸ್ಕೀನನ ಕೆನ್ನೆಯ ಮಾತು ಅಲ್ಲಿಲ್ಲ.

ನಮ್ಮ ಕಾಲದಲ್ಲೂ ಆ ನೆಲದ ಮೇಲೆ ಹೆಸರು ಬರೆಯುವವರಿಗೆ ಕೊರತೆಯಿರಲಿಲ್ಲ. 1980ರ ದಶಕದಲ್ಲಿ ಸದ್ದಾಂ ಹುಸೇನ್ ಬ್ಯಾಬಿಲೋನಿನ ಹಳೆಯ ಅಡಿಪಾಯಗಳ ಮೇಲೆ ಅರಮನೆ ಎಬ್ಬಿಸಿ, ಹಿಂದೆ ನೆಬುಕದ್‌ನೆಜರ್ ಮಾಡಿದಂತೆ ಇಟ್ಟಿಗೆಗಳ ಮೇಲೆ ತನ್ನ ಹೆಸರು ಒತ್ತಿಸಿದ. 2003ರಲ್ಲಿ ಅಮೆರಿಕದ ದಂಡು ಬಂತು. ಆ ವರ್ಷದ ಏಪ್ರಿಲ್‌ನಲ್ಲಿ ಬಾಗ್ದಾದಿನ ವಸ್ತುಸಂಗ್ರಹಾಲಯ ಲೂಟಿಯಾಯಿತು. ಬ್ಯಾಬಿಲೋನಿನ ಹಾಳುಗಳ ನಡುವೆಯೇ ಸೇನಾ ಶಿಬಿರ ನಿಂತು, ಹಳೆಯ ಇಟ್ಟಿಗೆ ಹಾಸಿನ ಮೇಲೆ ಭಾರಿ ವಾಹನಗಳು ಓಡಿದವು. ನ್ಯಾಯ ತರುತ್ತೇವೆಂದು ಹೇಳಿಕೊಂಡೇ ಅವರೂ ಬಂದಿದ್ದರು. ಯುನೆಸ್ಕೊ ಬ್ಯಾಬಿಲೋನನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು 2019ರಲ್ಲಿ. ಹಮ್ಮುರಬಿಯ ಕಾಲದ ಊರು ಬಹುಪಾಲು ಅಂತರ್ಜಲದ ಕೆಳಗಿದೆ, ಅಗೆಯಲು ಬಾರದಷ್ಟು ಆಳದಲ್ಲಿ.

ಹಮ್ಮುರಬಿಯ ಕಲ್ಲಿನ ಕೊನೆಯ ಭಾಗದಲ್ಲಿ ಒಂದು ಆಹ್ವಾನವಿದೆ. ಅನ್ಯಾಯಕ್ಕೆ ಒಳಗಾದವನು ಆ ಕಲ್ಲಿನ ಮುಂದೆ ಬಂದು, ಬರೆದದ್ದನ್ನು ಓದಿಸಿ ಕೇಳಿ, ತನ್ನ ವ್ಯಾಜ್ಯ ತಿಳಿದುಕೊಂಡು ಮನಸ್ಸು ಹಗುರ ಮಾಡಿಕೊಳ್ಳಲಿ ಎಂದು ದೊರೆ ಹೇಳುತ್ತಾನೆ. ಓದಿಸಿ ಕೇಳಲಿ ಎಂಬ ಮಾತನ್ನು ಗಮನಿಸಬೇಕು. ಬಂದವನಿಗೆ ಓದಲು ಬಾರದೆಂದು ದೊರೆಗೆ ಗೊತ್ತಿತ್ತು. ಆದರೂ ಕರೆದನಲ್ಲ, ಅದು ಸಣ್ಣ ಮಾತಲ್ಲ. ಒಮ್ಮೆ ಬರೆದು ನಿಲ್ಲಿಸಿದ ಮೇಲೆ, ಇದು ನಿನ್ನದೇ ಮಾತಲ್ಲವೇ ಎಂದು ಬಡವನೊಬ್ಬ ಬೆರಳು ತೋರಿ ಕೇಳುವ ದಾರಿ ತೆರೆಯಿತು. ಲಿಖಿತ ಕಾನೂನಿನ ದೊಡ್ಡ ಲಾಭ ಇದೇ ಇರಬೇಕು. ಆದರೆ ಬೆರಳು ತೋರಿದವನಿಗೆ ಅಲ್ಲಿ ಕೇಳಿಸುವುದು ತನ್ನ ಕಣ್ಣಿನ ಕಡಿಮೆ ಬೆಲೆಯೂ ಹೌದು. ಬರೆದದ್ದರಿಂದಲೇ ಕಾನೂನು ನ್ಯಾಯವಾಗುವುದಿಲ್ಲ.

ಇನ್ನೊಂದು ಮಾತು. ಅಗೆಯುವವರಿಗೆ ಇಡಿಯಾಗಿ ಸಿಗುವ ಸಾಲಪತ್ರಗಳಲ್ಲಿ ಹೆಚ್ಚಿನವು ತೀರದೆ ಉಳಿದ ಸಾಲದವು. ತೀರಿದ, ಮನ್ನಾ ಆದ ಸಾಲದ ಪತ್ರಗಳನ್ನು ಆಗಲೇ ಒಡೆದು ಎಸೆದಿದ್ದರು. ದೊರೆಗಳ ಹೆಸರು ಕಲ್ಲಿನ ಮೇಲೆ ಉಳಿದಿದೆ, ಸಾಹುಕಾರರ ಬಾಕಿ ಮಣ್ಣಿನ ಫಲಕಗಳಲ್ಲಿ ಉಳಿದಿದೆ. ತಾಯಿಯ ಬಳಿಗೆ ಮರಳಿದ ಮಕ್ಕಳ ಪತ್ರಗಳು ಆ ದಿಬ್ಬಗಳ ಮಣ್ಣಿನಲ್ಲಿ ಚೂರಾಗಿ ಸೇರಿಹೋಗಿವೆ. ವಸ್ತುಸಂಗ್ರಹಾಲಯಗಳಲ್ಲಿ ಅವುಗಳಿಗೆ ಗಾಜಿನ ಪೆಟ್ಟಿಗೆಯಿಲ್ಲ. ಆ ನಾಡಿನಲ್ಲಿ ಮಿಸ್ಕೀನರಿಗೆ ಸಿಕ್ಕ ನ್ಯಾಯದ ದಾಖಲೆ ಎಂದರೆ ಆ ಚೂರುಗಳೇ.